ಟೊಮೆಟೊ ಇಲ್ಲದ ಸಾರು
ಇವತ್ತು ನಮ್ಮ ಬೀದಿಯ ಹೋಟೆಲಲ್ಲಿ ಸಾರು ಬರೀ ಹುಣಸೆಹುಳಿ. "ಟೊಮೆಟೊ ರೇಟ್ ಏರಿದೆ ಸಾರ್" ಅಂದರು ಮಾಲೀಕರು. 2023ರ ಜುಲೈ ನೆನಪಾಯಿತು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು. ಎಲೆಮುದುರು ರೋಗ, ಬಿಳಿನೊಣ, ಮೇಲೆ ಮಳೆ. ಸೆಪ್ಟೆಂಬರ್ ಹೊತ್ತಿಗೆ ಅದೇ ಬೆಲೆ ನೆಲಕಚ್ಚಿತು!

ಹೋಟೆಲಿನವರು ಹುಣಸೆಹಣ್ಣು ಹಿಡಿದು ಹೇಗೋ ದಾಟಿಬಿಡುತ್ತಾರೆ. ಅಗ್ಗ ಇದ್ದಾಗ ಪ್ಯೂರಿ ಮಾಡಿಡಬಹುದು, ಆದರೆ ಚಿಕ್ಕ ಅಡುಗೆಮನೆಯಲ್ಲಿ ಫ್ರೀಜರ್‌ಗೆ ಜಾಗ ಎಲ್ಲಿ? ಮಾರುಕಟ್ಟೆ ಪಕ್ಕದಲ್ಲೇ ಸಂಸ್ಕರಣಾ ಘಟಕ, ರೋಗ ತಡೆಯುವ ತಳಿಯ ಸಸಿ, ಇವೆಲ್ಲ ಸರ್ಕಾರದ ಕೆಲಸ ಅಲ್ವಾ? ಬೆಲೆ ಏರಿದಾಗ ಮಾತ್ರ ಸಭೆ ಸೇರುತ್ತಾರೆ.

ಸಾರು ಮಾತ್ರ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.