ಹಾಫ್ ಮೂನ್ ಬೇಯಲ್ಲಿ ಏಳು ಕಯಾಕ್

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮೊದಲು ನೋಡಿದ್ದು ಗಾಳಿಯನ್ನು. ಮೆಲ್ಬರ್ನಿಗೆ ಬಂದ ಮೇಲೆ ಅಂಟಿಕೊಂಡ ಅಭ್ಯಾಸ ಇದು. ಉತ್ತರದ ಗಾಳಿ 5ರಿಂದ 8 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಮಧ್ಯಾಹ್ನ ನೈಋತ್ಯಕ್ಕೆ ತಿರುಗಿ 15ರ ಮೇಲೆ ಎಂದು ಮುನ್ಸೂಚನೆ ಇತ್ತು. ಅಷ್ಟರಲ್ಲಿ ಫೋನ್‌ಗೆ, ಕಯಾಕ್ ಎಂಬ ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ ಮೀನು ಹಿಡಿಯಲು ಹೋಗುವ ನಮ್ಮ ತಂಡದ ಮುಂದಾಳುವಿನ ಸಂದೇಶವೂ ಬಂದಿತ್ತು. ‘ಹೊರಡೋಣ. ಹತ್ತೂವರೆಗೆ ಎಲ್ಲರೂ ವಾಪಸ್ ದಡದಲ್ಲಿರಬೇಕು.’

ಹಾಫ್ ಮೂನ್ ಬೇ ಇರುವುದು ಬ್ಲ್ಯಾಕ್ ರಾಕ್ ಎಂಬ ಊರಿನಲ್ಲಿ. ನಗರದ ನಡುವಿನಿಂದ ಸುಮಾರು 20 ಕಿ.ಮೀ. ದಕ್ಷಿಣಕ್ಕೆ. ಒಂದು ಕಡೆ ರೆಡ್ ಬ್ಲಫ್ ಎಂಬ ಕೆಂಪು ಮಣ್ಣಿನ ಕಡಿದಾದ ಗುಡ್ಡ. ಎದುರಿಗೆ, ದಡಕ್ಕೆ ತೀರಾ ಹತ್ತಿರದಲ್ಲಿ, ನೀರಿನಿಂದ ಅರ್ಧ ಮೇಲೆದ್ದ ತುಕ್ಕು ಹಿಡಿದ ಹಡಗು. ಅದು ಸೆರ್ಬರಸ್. 1871ರಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನಿನ ಪೋರ್ಟ್ ಫಿಲಿಪ್ ಕೊಲ್ಲಿಯನ್ನು ಕಾಯಲು ಬಂದ ಯುದ್ಧನೌಕೆ. 1926ರಲ್ಲಿ ಅಲೆ ತಡೆಯಲೆಂದು ಅದನ್ನು ಇಲ್ಲೇ ಮುಳುಗಿಸಿದರು. 1993ರಲ್ಲಿ ಒಡಲು ಕುಸಿಯಿತು. ಈಗ ತೀರಾ ಹತ್ತಿರ ಹೋಗುವ ಹಾಗಿಲ್ಲ. ದೂರದಿಂದಲೇ ಬಳಸಿ ಹೋಗಬೇಕು. ನಸುಗತ್ತಲೆಯಲ್ಲಿ ಅದನ್ನು ನೋಡಿದಾಗಲೆಲ್ಲ ನನಗೆ ನೀರಲ್ಲಿ ಮಲಗಿದ ಮುದಿ ಎಮ್ಮೆಯ ನೆನಪಾಗುತ್ತದೆ.

ನಾನು ಗಂಗೊಳ್ಳಿ ಕಡೆಯವನು. ಪಂಚಗಂಗಾವಳಿಯ ಅಳಿವೆ ನೋಡುತ್ತಾ ಬೆಳೆದವನು. ಮಾವನ ಹತ್ತಿರ ಸಣ್ಣ ದೋಣಿ ಇತ್ತು. ಅಳಿವೆ ದಾಟುವ ಮೊದಲು ಅವರು ಯಾವಾಗಲೂ ಹಿಂದೆ ತಿರುಗಿ ನೋಡುತ್ತಿದ್ದರು. ಇನ್ನೊಂದು ದೋಣಿ ಬರುವುದು ಕಂಡರೆ ಮಾತ್ರ ಮುಂದಕ್ಕೆ. ‘ಒಬ್ನೇ ಹೋಪುಕಾಗ ಮಗಾ’ ಅನ್ನುತ್ತಿದ್ದರು, ಅಷ್ಟೇ. ಕಾರಣ ಹೇಳುತ್ತಿರಲಿಲ್ಲ. ಕಾರಣ ನನಗೆ ತಿಳಿದದ್ದು ಇಲ್ಲಿ, ಈ ತಂಡ ಸೇರಿದ ಮೇಲೆ.

ತಂಡ ಎಂದರೆ ದೊಡ್ಡ ಸಂಸ್ಥೆಯೇನಲ್ಲ. ಹನ್ನೆರಡು ಹದಿಮೂರು ಜನ. ಗಾಳಿ ಒಪ್ಪಿದ ಶನಿವಾರ ಬಿಡುವಿದ್ದವರು ಬರುತ್ತಾರೆ. ಮುಂದಾಳು ಅರವತ್ತು ದಾಟಿದ ಹೆಂಗಸು, ಮೊದಲು ನರ್ಸ್ ಆಗಿದ್ದವರು. ಹೊಸಬರು ಬಂದರೆ ಅವರು ಮೊದಲ ದಿನ ಗಾಳ ಮುಟ್ಟಲು ಬಿಡುವುದಿಲ್ಲ. ಎದೆಮಟ್ಟದ ನೀರಿಗೆ ಕರೆದುಕೊಂಡು ಹೋಗಿ ಬೇಕೆಂದೇ ಕಯಾಕ್ ಮಗುಚಿಸುತ್ತಾರೆ. ಮತ್ತೆ ಹತ್ತಬೇಕು. ಕವುಚಿದ ಕಯಾಕನ್ನು ನೇರ ಮಾಡಿ, ಎರಡೂ ಕೈ ಅಡ್ಡ ಚಾಚಿ ಆಚೆ ಅಂಚು ಹಿಡಿದು, ಕಾಲನ್ನು ಜೋರಾಗಿ ಬಡಿಯಬೇಕು. ಮೊದಲು ಹೊಟ್ಟೆ ಮೇಲೆ, ಆಮೇಲೆ ಕುಂಡೆ, ಕೊನೆಗೆ ಕಾಲು. ಈ ಕ್ರಮ ತಪ್ಪಿದರೆ ಇನ್ನೊಂದು ಕಡೆಯಿಂದ ನೀರಿಗೆ ಬೀಳುತ್ತೀರಿ. ಹಾಸನದ ನನ್ನ ಗೆಳೆಯ ಹೋದ ತಿಂಗಳು ಇದನ್ನು ಆರು ಸಲ ಮಾಡಿದ. ಏಳನೇ ಸಲ ಯಾರ ಸಹಾಯವೂ ಇಲ್ಲದೆ ಹತ್ತಿ ಕುಳಿತಾಗ ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವನು ಈಜು ಕಲಿತದ್ದೇ ಮೂವತ್ತೈದರ ಮೇಲೆ. ಇವತ್ತು ಅವನು ಮೀನು ಹಿಡಿಯಲು ಹೊರಟ ಮೊದಲ ಸವಾರಿ. ಅವನ ಜೋಡಿ ನಾನು.

ಐದೂವರೆಗೆ ಮರಳ ಮೇಲೆ ಏಳು ಕಯಾಕ್ ಸಾಲಾಗಿ ನಿಂತವು. ಪ್ರತಿಯೊಬ್ಬರೂ ತಮ್ಮ ಜೋಡಿಯ ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ನೋಡಬೇಕು. ತಮ್ಮದಲ್ಲ, ಜೋಡಿಯದು. ವಿಕ್ಟೋರಿಯಾ ರಾಜ್ಯದಲ್ಲಿ ಕಯಾಕ್ ಮೇಲೆ ಲೈಫ್ ಜಾಕೆಟ್ ಹಾಕಲೇಬೇಕು, ಅದು ಕಾನೂನು. ಕತ್ತಲಿದ್ದರೆ ಸುತ್ತಲೂ ಕಾಣುವ ಬಿಳಿ ದೀಪವೂ ಬೇಕು. ಆಮೇಲೆ ರೇಡಿಯೊ, ಸೀಟಿ, ಕುಡಿಯುವ ನೀರು, ಮೊದ್ದು ತುದಿಯ ಚಾಕು. ಚಾಕು ಮೀನಿಗಲ್ಲ, ಲಂಗರಿನ ಹಗ್ಗ ಕತ್ತರಿಸುವುದಕ್ಕೆ.

ಲಂಗರಿನ ವಿಷಯ ಸ್ವಲ್ಪ ಹೇಳಲೇಬೇಕು. ಕಯಾಕಿನಲ್ಲಿ ಜನ ಎಡವುವುದು ಇಲ್ಲಿಯೇ ಜಾಸ್ತಿ. ಲಂಗರಿನ ಹಗ್ಗವನ್ನು ಕೈಗೆ ಹತ್ತಿರ ಎಂದು ಪಕ್ಕಕ್ಕೆ ಕಟ್ಟಿದರೆ ಕಯಾಕ್ ಅಲೆಗೆ ಅಡ್ಡ ನಿಲ್ಲುತ್ತದೆ. ಒಂದು ಒಳ್ಳೆ ಅಲೆ ಸಾಕು, ಮಗುಚುತ್ತದೆ. ಅದಕ್ಕೇ ಕಯಾಕಿನ ಉದ್ದಕ್ಕೂ ಸಣ್ಣ ಗಾಲಿಗಳ ಮೇಲೆ ಒಂದು ಹಗ್ಗ ಓಡುತ್ತದೆ. ಕುಳಿತಲ್ಲಿಂದಲೇ ಅದನ್ನೆಳೆದು ಲಂಗರನ್ನು ಮೂತಿಗೆ ಕಳಿಸಬಹುದು. ತುದಿಗೆ ಒಂದು ತೇಲುವ ಬುರುಡೆ. ಅವಸರವಾದರೆ ಕೊಂಡಿ ಬಿಚ್ಚಿ ಎಸೆದುಬಿಡುವುದು, ಆಮೇಲೆ ಬಂದು ಹೆಕ್ಕಿಕೊಳ್ಳುವುದು.

ಸೂರ್ಯ ಹುಟ್ಟುವ ಹೊತ್ತಿಗೆ ನಾವು ಸೆರ್ಬರಸ್ ದಾಟಿ ವಾಯವ್ಯಕ್ಕೆ ತಿರುಗಿದ್ದೆವು. ದಕ್ಷಿಣಕ್ಕೆ ಹೋದರೆ ರಿಕೆಟ್ಸ್ ಪಾಯಿಂಟ್ ಸಿಗುತ್ತದೆ. 2002ರಿಂದ ಅದು ಸಮುದ್ರ ಅಭಯಾರಣ್ಯ, ಅಲ್ಲಿ ಗಾಳ ಹಾಕುವ ಹಾಗಿಲ್ಲ. ಎಲ್ಲಕ್ಕಿಂತ ಮುಂದೆ ಮುಂದಾಳು, ಕೊನೆಗೆ ವಿಯೆಟ್ನಾಮ್ ಮೂಲದ ಒಬ್ಬ ಬಡಗಿ. ಇಬ್ಬರ ನಡುವೆ ಉಳಿದವರು. ಯಾರು ನಿಧಾನವೋ ಅವರದೇ ವೇಗ ಎಲ್ಲರದ್ದೂ. ಬಲಿಷ್ಠರು ಮುಂದೆ ಓಡಿ ಕಾಯುವ ಪದ್ಧತಿ ಇಲ್ಲಿಲ್ಲ. ಅದು ನನಗೆ ಬಹಳ ಹಿಡಿಸಿದ ಸಂಗತಿ.

ಪೋರ್ಟ್ ಫಿಲಿಪ್ ಕೊಲ್ಲಿ ದೊಡ್ಡದು. ಸುಮಾರು 1,930 ಚದರ ಕಿ.ಮೀ. ಆದರೆ ಆಳ ಕಡಿಮೆ. ಅರ್ಧದಷ್ಟು ಭಾಗ 8 ಮೀಟರಿಗಿಂತ ಕಡಿಮೆ, ಅತಿ ಆಳದಲ್ಲೂ 24 ಮೀಟರ್. ಆಳವಿಲ್ಲದ ನೀರು ಎಂದು ಸಮಾಧಾನಪಡುವಂತಿಲ್ಲ. ಇಂಥ ನೀರಿನಲ್ಲೇ ಗಾಳಿ ಎದ್ದ ಸ್ವಲ್ಪ ಹೊತ್ತಿಗೆ ಒತ್ತೊತ್ತಾಗಿ, ಚೂಪಾದ ಅಲೆಗಳು ಏಳುತ್ತವೆ. ಪೂರ್ವದ ಗಾಳಿಯಾದರೆ ಇನ್ನೊಂದು ಮೋಸ. ಗುಡ್ಡದ ಮರೆಯಲ್ಲಿ ದಡದ ನೀರು ಕನ್ನಡಿಯ ಹಾಗೆ ಇರುತ್ತದೆ. ಒಂದು ಕಿಲೋಮೀಟರ್ ಹೊರಗೆ ಹೋದ ಮೇಲೆ ಅದೇ ಗಾಳಿ ನಿಮ್ಮನ್ನು ಇನ್ನೂ ಹೊರಕ್ಕೆ ದಬ್ಬುತ್ತದೆ.

ನವೆಂಬರ್ ಇಲ್ಲಿ ಸ್ನ್ಯಾಪರ್ ಮೀನಿನ ಕಾಲ. ಇಲ್ಲಿ ಆಗ ವಸಂತ, ಅವು ಮೊಟ್ಟೆಯಿಡಲು ಕೊಲ್ಲಿಯೊಳಗೆ ಬರುತ್ತವೆ. ಗುಲಾಬಿ ಮೈ, ಅದರ ಮೇಲೆ ನೀಲಿ ಚುಕ್ಕಿ. ಗಾಳಕ್ಕೆ ಸಿಕ್ಕಿಸುವುದು ಪಿಲ್ಚರ್ಡ್, ನಮ್ಮ ಬೂತಾಯಿಯ ದಾಯಾದಿ. ಇಲ್ಲವೇ ಸಿಲ್ವರ್ ವೈಟಿಂಗ್. ಈ ವೈಟಿಂಗ್ ಎಂದರೆ ನಮ್ಮ ಕಾಣೆಯ ಕುಟುಂಬವೇ! ಮಸಾಲೆ ಹಚ್ಚಿ ಕಾವಲಿಗೆ ಹಾಕಬೇಕಾದ್ದನ್ನು ಗಾಳಕ್ಕೆ ಚುಚ್ಚುವುದನ್ನು ಮೊದಲ ಸಲ ಕಂಡಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿದಿತ್ತು.

ಸ್ಯಾಂಡ್ರಿಂಗ್‌ಹ್ಯಾಮ್ ಎಂಬ ಊರಿನ ಆಚೆ, ದಡದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ, ಪರಸ್ಪರ ಕೂಗಿದರೆ ಕೇಳುವಷ್ಟು ಅಂತರದಲ್ಲಿ ನಿಂತೆವು. ಗಾಳಗಳು ಸಿಕ್ಕಿಹಾಕಿಕೊಳ್ಳಬಾರದು, ಮಾತೂ ನಿಲ್ಲಬಾರದು. ಒಬ್ಬರು ಥರ್ಮಾಸ್ ಕಾಫಿಯನ್ನು ಕಯಾಕಿನಿಂದ ಕಯಾಕಿಗೆ ದಾಟಿಸಿದರು. ಮೊದಲ ಸ್ನ್ಯಾಪರ್ ಮುಂದಾಳುವಿಗೆ, 46 ಸೆಂ.ಮೀ. ಬಡಗಿಗೆ ಎರಡು. ನನಗೆ ಒಂದು, ಜೊತೆಗೆ ಫ್ಲಾಟ್‌ಹೆಡ್ ಎಂಬ ಚಪ್ಪಟೆ ತಲೆಯ ಮೀನು ಎರಡು. ಅದರ ಕೆನ್ನೆಯಲ್ಲಿ ಮುಳ್ಳಿರುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು. ಗೆಳೆಯನಿಗೆ ಬಂದದ್ದು ಒಂದೇ ಒಂದು ಪುಟ್ಟ ಸ್ನ್ಯಾಪರ್. ಅಳತೆಪಟ್ಟಿಯ ಮೇಲೆ ಇಟ್ಟರೆ 24. ಕಾನೂನಿನ ಪ್ರಕಾರ 28 ಇರಬೇಕು. ದಿನಕ್ಕೆ ಒಬ್ಬರಿಗೆ ಹತ್ತು, ಅದರಲ್ಲೂ 40 ಸೆಂ.ಮೀ. ಮತ್ತು ಅದಕ್ಕಿಂತ ದೊಡ್ಡವು ಮೂರೇ. ಅವನು ಕೈ ಒದ್ದೆ ಮಾಡಿಕೊಂಡು ಮೀನನ್ನು ನೀರಿಗೆ ಬಿಟ್ಟ. ಅದು ಬಾಲ ಬಡಿದು ಹೋದದ್ದನ್ನು ತುಂಬಾ ಹೊತ್ತು ನೋಡುತ್ತಾ ಕುಳಿತ.

ಒಂಬತ್ತು ಗಂಟೆಗೆ, ನೀರಿನಡಿಯ ಮೀನು ತೋರಿಸುವ ಸೌಂಡರ್ ಯಂತ್ರದ ಪರದೆಯ ತಳದಲ್ಲಿ ಕಮಾನು ಕಮಾನಾಗಿ ಗುರುತುಗಳು ಕಾಣಿಸಿದವು. ಕೆಳಗೆ ಮೀನಿನ ಹಿಂಡು. ಆಗಲೇ ರೇಡಿಯೊದಲ್ಲಿ ಮುಂದಾಳುವಿನ ದನಿ. ನೈಋತ್ಯದಲ್ಲಿ ನೀರಿನ ಬಣ್ಣ ಬದಲಾಗಿದೆ, ಗಾಳಿ ಬೇಗ ಬರ್ತಿದೆ, ಹೊರಡೋಣ ಎಂದರು. ನಮ್ಮ ಸುತ್ತ ನೀರು ಇನ್ನೂ ನುಣುಪಾಗಿತ್ತು. ಆದರೂ ಯಾರೂ ‘ಇನ್ನು ಹತ್ತೇ ನಿಮಿಷ’ ಅನ್ನಲಿಲ್ಲ. ಏಳೂ ರೀಲ್‌ಗಳು ಒಟ್ಟಿಗೆ ಸುತ್ತುವ ಸದ್ದು ಮಾತ್ರ ಕೇಳಿಸಿತು. ಆ ಸದ್ದು ನನಗೆ ಆ ದಿನದ ಎಲ್ಲ ಮೀನಿಗಿಂತ ದೊಡ್ಡದು.

ಹದಿನೈದು ನಿಮಿಷದಲ್ಲಿ ಗಾಳಿ ಬಂತು. ನಮ್ಮ ದಾರಿ ಆಗ್ನೇಯಕ್ಕೆ, ಅಲೆ ಬಲಗಡೆಯಿಂದ. ಪ್ರತಿ ಅಲೆಗೂ ಸೊಂಟ ಸಡಿಲ ಬಿಡಬೇಕು. ಗೆಳೆಯ ಮೈ ಬಿಗಿ ಹಿಡಿದಿದ್ದ, ಹುಟ್ಟು ಹಾಕಿ ಹಾಕಿ ಕೈ ಸೋತಿತ್ತು. ‘ಆಗ್ತಿಲ್ಲ ಕಣೋ’ ಅಂದ. ನಾನು ಸೀಟಿ ಊದಿದೆ. ಬಡಗಿ ಹಿಂದಿನಿಂದ ಬಂದು, ಮಾತಿಲ್ಲದೆ, ಎಳೆಯುವ ಹಗ್ಗವನ್ನು ಅವನ ಕಯಾಕಿನ ಮೂತಿಗೆ ಕೊಂಡಿ ಹಾಕಿದರು. ನಾನು ಅವನ ಪಕ್ಕದಲ್ಲೇ, ಗಾಳಿ ಬರುವ ಕಡೆ ನಿಂತು ಹುಟ್ಟು ಹಾಕಿದೆ. ‘ನೀನು ಸುಮ್ನೆ ದಿಗಂತ ನೋಡ್ತಾ ಕೂತ್ಕೋ ಮಾರಾಯ’ ಅಂದೆ. ಉಳಿದ ನಾಲ್ವರೂ ವೇಗ ತಗ್ಗಿಸಿ ಹತ್ತಿರ ಬಂದರು. ನೀರು ಸುಮಾರು 16 ಡಿಗ್ರಿ. ಬಿದ್ದರೆ ಮೊದಲ ನಿಮಿಷ ಉಸಿರೇ ಕಟ್ಟುತ್ತದೆ. ಸೆರ್ಬರಸ್ಸಿನ ಮರೆಗೆ ಬಂದಾಗ ಅಲೆ ತಗ್ಗಿತು. ನೂರು ವರ್ಷದ ಹಿಂದೆ ಮುಳುಗಿಸಿದ ಹಡಗು ಇನ್ನೂ ಅಲೆ ತಡೆಯುತ್ತಿದೆ, ಅಲ್ವಾ!

ದಡದಲ್ಲಿ ಮೊದಲು ತಲೆ ಎಣಿಸಿದರು. ಏಳು. ಆಮೇಲೆ ಮೀನು. ಖಾಲಿ ಕೈಯಲ್ಲಿ ನಿಂತಿದ್ದ ಗೆಳೆಯನ ಪೆಟ್ಟಿಗೆಗೆ ಮುಂದಾಳು ತಮ್ಮ 46ರ ಸ್ನ್ಯಾಪರನ್ನೇ ಹಾಕಿದರು. ಅವನು ಬೇಡ ಬೇಡ ಅಂದರೂ ಕೇಳಲಿಲ್ಲ. ಉಳಿದವರು ತಲೆ ಬೇಡ, ಬರೀ ಮಾಂಸದ ಹೋಳು ಸಾಕು ಎಂದರು. ಬಡಗಿಯೂ ನಾನೂ ಒಟ್ಟಿಗೆ ಕೈ ಎತ್ತಿದೆವು, ತಲೆಗಳು ನಮಗೆ ಎಂದು. ಅವರ ಮನೆಯಲ್ಲಿ ಹುಣಸೆಹಣ್ಣು, ಟೊಮೆಟೊ, ಅನಾನಸ್ ಹಾಕಿ ಹುಳಿ ಸಾರು ಮಾಡುತ್ತಾರಂತೆ. ನಮ್ಮಲ್ಲೂ ಹುಣಸೆಯೇ, ಜೊತೆಗೆ ತೆಂಗಿನಕಾಯಿ, ಕೊತ್ತಂಬರಿ, ಬ್ಯಾಡಗಿ ಮೆಣಸು ಅಂದೆ. ಬ್ಯಾಡಗಿ ಎಂಬುದನ್ನು ಮೂರು ಸಲ ಹೇಳಿಸಿಕೊಂಡು ಫೋನಿನಲ್ಲಿ ಬರೆದುಕೊಂಡರು.

ಮೂರು ತಲೆ ಅವರಿಗೆ, ಎರಡು ನನಗೆ. ಕಾರಿನಲ್ಲಿ ಗೆಳೆಯ ತೊಡೆಯ ಮೇಲೆ ಐಸ್ ಪೆಟ್ಟಿಗೆ ಇಟ್ಟುಕೊಂಡು ಕುಳಿತ. ಮನೆ ಬರುವವರೆಗೂ ಮುಂದಿನ ಶನಿವಾರದ ಗಾಳಿ ಎಷ್ಟು ಎಂದು ಫೋನಿನಲ್ಲಿ ನೋಡುತ್ತಲೇ ಇದ್ದ.