ಅಯೋಡಿನ್ ವ್ಯಾಲ್ಯೂಗೆ ಕಾಣದ ಟ್ರಾನ್ಸ್

ನಮ್ಮ ಖಾದ್ಯ ತೈಲದ ಲ್ಯಾಬ್‌ಗೆ ಎಂಎಸ್ಸಿ ಮುಗಿಸಿ ಬರುವವರಿಗೆ ಕೊಬ್ಬಿನಾಮ್ಲದ ಸಿಸ್, ಟ್ರಾನ್ಸ್ ರಚನೆ ಬರೆಯುವುದು ಕಷ್ಟವೇ ಅಲ್ಲ: ದ್ವಿಬಂಧದ, ಅಂದರೆ ಎರಡು ಕಾರ್ಬನ್ ನಡುವಿನ ಜೋಡಿ ಕೊಂಡಿಯ, ಎರಡೂ ತುದಿಯ ಸರಪಳಿ ಒಂದೇ ಬದಿಗಿದ್ದರೆ ಸಿಸ್, ಎದುರು ಬದಿಗಿದ್ದರೆ ಟ್ರಾನ್ಸ್. ಆದರೆ ಸ್ಯಾಂಪಲ್ ಕೊಟ್ಟು ‘ಟ್ರಾನ್ಸ್ ಎಷ್ಟಿದೆ ನೋಡಿ’ ಎಂದರೆ ಹಲವರು ಎಣ್ಣೆ ಎಷ್ಟು ಅಯೋಡಿನ್ ಹಿಡಿದುಕೊಳ್ಳುತ್ತದೆ ಎಂದು ಅಳೆಯುವ ಅಯೋಡಿನ್ ವ್ಯಾಲ್ಯೂ ಮಾಡಲು ಹೊರಡುತ್ತಾರೆ. ಅದು ಹೇಳುವುದು ದ್ವಿಬಂಧ ಎಷ್ಟಿದೆ ಎಂದಷ್ಟೇ. ಒಲಿಯಿಕ್, ಎಲೈಡಿಕ್ ಆಮ್ಲಗಳೆರಡರಲ್ಲೂ 18 ಕಾರ್ಬನ್, 9ನೇ ಕಾರ್ಬನ್ನಿನಲ್ಲಿ ಒಂದು ದ್ವಿಬಂಧ. ಅಯೋಡಿನ್ ವ್ಯಾಲ್ಯೂ ಎರಡಕ್ಕೂ ಸುಮಾರು 90. ಆದರೂ ಸಿಸ್ ಆಗಿರುವ ಒಲಿಯಿಕ್ ಸುಮಾರು 13 ಡಿಗ್ರಿಗೇ ಕರಗಿದರೆ, ಟ್ರಾನ್ಸ್ ಆಗಿರುವ ಎಲೈಡಿಕ್ ಕರಗಲು 45 ಡಿಗ್ರಿ ಹತ್ತಿರ ಬೇಕು. ಸಿಸ್ ಸರಪಳಿ ಬಾಗಿರುತ್ತದೆ, ಒಂದರ ಪಕ್ಕ ಒಂದು ಒತ್ತಾಗಿ ಕೂರುವುದಿಲ್ಲ.

ಹಾಗಾಗಿ ನಾವು ಎಣ್ಣೆಯನ್ನು ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್ ಮಾಡಿ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹಾಕುತ್ತೇವೆ. ಅಲ್ಲೂ ಕಾಲಮ್, ಅಂದರೆ ಘಟಕಗಳು ಹಾದುಹೋಗುತ್ತ ಬೇರೆಯಾಗುವ ಸಣ್ಣ ಕೊಳವೆ, ಮುಖ್ಯ. ಸಾಧಾರಣ ಕಾಲಮ್‌ನಲ್ಲಿ ಸಿಸ್, ಟ್ರಾನ್ಸ್ ಎರಡರ ಪೀಕ್‌ಗಳೂ ಒಂದರೊಳಗೊಂದು ಸೇರಿಹೋಗುತ್ತವೆ. 100 ಮೀಟರ್ ಉದ್ದದ, ಹೆಚ್ಚು ಧ್ರುವೀಯವಾದ ಸಯನೋ ಕಾಲಮ್‌ನಲ್ಲಿ ಟ್ರಾನ್ಸ್ ತುಸು ಮುಂಚೆ ಹೊರಬರುತ್ತದೆ. ಒಂದು ರನ್‌ಗೆ ಬಹಳ ಹೊತ್ತು ಹಿಡಿಯುತ್ತದೆ, ನಿಜ. 2022ರ ಜನವರಿಯಿಂದ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಮಿತಿಯನ್ನು 2%ಕ್ಕೆ ಇಳಿಸಿದೆ. ಆ ಮಿತಿಯ ಅಂಚಿನ ಸ್ಯಾಂಪಲ್‌ಗೆ ಅವಸರ ಸಲ್ಲದು.

ತಪ್ಪದೆ ಬರುವ ಇನ್ನೊಂದು ಪ್ರಶ್ನೆ: ‘ಮೇಡಂ, ಇದು ವನಸ್ಪತಿ ಅಲ್ಲ, ಹೈಡ್ರೋಜನ್ ಕೊಟ್ಟೇ ಇಲ್ಲ. ಟ್ರಾನ್ಸ್ ಎಲ್ಲಿಂದ ಬಂತು?’ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ದ್ವಿಬಂಧ ತಾನಾಗಿ ತಿರುಗುವುದಿಲ್ಲ. ತಿರುಗಬೇಕಾದರೆ ಅದರ ಪೈ ಬಂಧ, ಅಂದರೆ ಜೋಡಿ ಕೊಂಡಿಯಲ್ಲಿ ತಿರುಗಲು ಬಿಡದ ಎರಡನೆಯದು, ಒಮ್ಮೆ ಬಿಡಬೇಕು. ವನಸ್ಪತಿಯಲ್ಲಿ ಆ ಕೆಲಸ ಕ್ರಿಯೆಗೆ ವೇಗ ಕೊಡುವ ನಿಕಲ್ ಮೇಲೆ ಆಗುತ್ತದೆ: ಒಂದು ಹೈಡ್ರೋಜನ್ ಸೇರಿ, ಕೊಂಡಿ ತಿರುಗಿ, ಹೈಡ್ರೋಜನ್ ಮತ್ತೆ ಕಳಚಿಕೊಂಡರೆ ಟ್ರಾನ್ಸ್ ಉಳಿಯುತ್ತದೆ. ಪೂರ್ತಿ ಹೈಡ್ರೋಜನೀಕರಣ ಮಾಡಿದರೆ ದ್ವಿಬಂಧವೇ ಇರದು, ಟ್ರಾನ್ಸೂ ಇರದು. ರಿಫೈಂಡ್ ಎಣ್ಣೆಯಲ್ಲಿ ಅದೇ ತಿರುವು ಬರೀ ಶಾಖದಿಂದ, ಎಣ್ಣೆ ಕಾಯಿಸಿ ವಾಸನೆ ತೆಗೆಯುವ ಡಿಯೋಡರೈಸರ್‌ನಲ್ಲಿ ಆಗುತ್ತದೆ. 240 ಡಿಗ್ರಿ ದಾಟಿದರೆ ಮೊದಲು ಬದಲಾಗುವುದು ಮೂರು ದ್ವಿಬಂಧಗಳ ಲಿನೋಲೆನಿಕ್, ಆಮೇಲೆ ಎರಡು ದ್ವಿಬಂಧಗಳ ಲಿನೋಲಿಯಿಕ್. ಒಲಿಯಿಕ್ ಬಹುಪಾಲು ಹಾಗೇ ಉಳಿಯುತ್ತದೆ.

ಹಾಗಾಗಿ ಸೋಯಾ ಬ್ಯಾಚ್‌ನಲ್ಲಿ ಲಿನೋಲೆನಿಕ್‌ನ ಟ್ರಾನ್ಸ್ ಪೀಕ್‌ಗಳು ಏರಿದ್ದರೆ ಮರುಪರೀಕ್ಷೆ ಮಾಡಿಸುತ್ತಲೇ ಡಿಯೋಡರೈಸರ್‌ನ ಲಾಗ್ ಶೀಟ್ ತರಿಸುತ್ತೇನೆ. ಶಾಖ ಎಷ್ಟಿತ್ತು, ಎಣ್ಣೆ ಒಳಗೆ ಎಷ್ಟು ಹೊತ್ತು ನಿಂತಿತ್ತು? ಶಾಖ ತೀರಾ ಇಳಿಸಿದರೆ ವಾಸನೆ ಹೋಗುವುದಿಲ್ಲ ಎಂದು ಪ್ಲಾಂಟ್‌ನವರು ಹೇಳುತ್ತಾರೆ, ಅದೂ ಸರಿಯೇ. ವ್ಯಾಕ್ಯೂಮ್ ಚೆನ್ನಾಗಿದ್ದರೆ ಕಡಿಮೆ ಶಾಖದಲ್ಲೂ ವಾಸನೆ ಹೋಗುತ್ತದೆ; ಹಾಗಾಗಿ ಆಗ ಅದು ಎಷ್ಟು ಚೆನ್ನಾಗಿ ಹಿಡಿದಿದೆ ಎಂದು ಇಬ್ಬರೂ ಕೂತು ನೋಡುತ್ತೇವೆ.