ಮೊದಲು ಹುಟ್ಟು, ಆಮೇಲೆ ಗಾಳ: ಹೊಸಬರಿಗೆ ಹರಿಗೋಲು, ಮೀನು ಕಲಿಸುವ ಬಗೆ

ಮೀನು ಹಿಡಿಯೋದು ಕಲಿಯಬೇಕು ಅಂತ ಬರುವವರು ಸಾಮಾನ್ಯವಾಗಿ ಹೊಸ ರಾಡು, ರೀಲು ಹಿಡಿದುಕೊಂಡೇ ಬರುತ್ತಾರೆ. ಅದನ್ನು ದಡದಲ್ಲೇ ಇಡಿಸಿ, ಕೈಗೆ ಮೊದಲು ಹುಟ್ಟು ಕೊಡಿ. ಹರಿಗೋಲಿನಲ್ಲಿ ಕೂರಲು ಬಾರದವರ ಗಾಳಕ್ಕೆ ಮೀನು ಕಚ್ಚಿತೋ, ತಟ್ಟನೆ ಎದ್ದು ನಿಲ್ಲುತ್ತಾರೆ. ಹರಿಗೋಲು ಮಗುಚುವುದು ಹಾಗೆಯೇ.

ಕಲಿಸಲು ಕಾವೇರಿ ಬೇಡ, ಕೆರೆ ಸಾಕು. ಕೆಆರ್‌ಎಸ್ ಅಣೆಕಟ್ಟೆಯ ನೀರು ಪೂರ್ಣ ಮಟ್ಟವಾದ 124.80 ಅಡಿಯ ಹತ್ತಿರ ಬಂದು ಒಳಹರಿವು ಜೋರಾಗಿದ್ದರೆ ಗೇಟು ತೆಗೆಯುತ್ತಾರೆ. ಶ್ರೀರಂಗಪಟ್ಟಣದ ಕಡೆ ಬೆಳಿಗ್ಗೆ ಕಂಡ ಬಂಡೆ ಮಧ್ಯಾಹ್ನಕ್ಕೆ ಮುಳುಗಿರಬಹುದು. ಆ ಭಾಗದಲ್ಲಿ ಮೊಸಳೆಗಳೂ ಇವೆ. ರಂಗನತಿಟ್ಟು ಪಕ್ಷಿಧಾಮ, ಭೀಮೇಶ್ವರಿಯ ಸುತ್ತಲಿನದು ಕಾವೇರಿ ವನ್ಯಜೀವಿಧಾಮ. ಅಲ್ಲಿ ಗಾಳದ ಮಾತೇ ಬೇಡ. ಕಾವೇರಿಯ ದೊಡ್ಡ ಮಹಶೀರ್, ನಮ್ಮವರು ಬಿಳಿ ಮೀನು ಅನ್ನುವುದು, 2018ರಿಂದ ಅಳಿವಿನ ಅಂಚಿನ ಕೆಂಪು ಪಟ್ಟಿಯಲ್ಲಿ ತೀರಾ ಗಂಭೀರ ಸ್ಥಿತಿಯಲ್ಲಿದೆ. ಎಲ್ಲೇ ಅಕಸ್ಮಾತ್ತಾಗಿ ಸಿಕ್ಕರೂ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಬೇಕು. ಮೈಸೂರಿನವರು ಕುಕ್ಕರಹಳ್ಳಿ, ಕಾರಂಜಿ ಕೆರೆಗಳನ್ನು ಹಕ್ಕಿಗಳಿಗೆ ಬಿಟ್ಟು ಹಳ್ಳಿ ಕೆರೆ ಹುಡುಕಿ. ಅಂಥ ಕೆರೆಯ ಮೀನು ಸಾಮಾನ್ಯವಾಗಿ ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಮರಿ ಬಿಟ್ಟು ಸಾಕಿದವರು ಅವರು. ಕೇಳದೆ ಗಾಳ ಹಾಕಿದರೆ ಅದು ಕಳ್ಳತನ.

ಕೆರೆಯನ್ನೂ ಓದಲು ಕಲಿಸಬೇಕು. ಏರಿಯ ಬುಡದಲ್ಲಿ ಆಳ, ಎದುರು ದಂಡೆಯ ಅಂಗಳದ ಕಡೆ ನೀರು ತೆಳು. ಕಲಿಕೆ ಅಂಗಳದ ಕಡೆಯಿಂದ ಶುರುವಾಗಲಿ. ತೂಬು ತೆಗೆದಿದ್ದರೆ ಅದರ ಹತ್ತಿರ ಸೆಳೆತವಿರುತ್ತದೆ, ಕೋಡಿ ಬಿದ್ದಾಗ ಆ ಕಡೆ ಹೋಗಲೇಬಾರದು. ಮೊಣಕಾಲುದ್ದ ನೀರು ಅಂತ ನಂಬಿ ನಡೆದುಹೋಗುವುದೂ ಅಪಾಯ. ಬೇಸಿಗೆಯಲ್ಲಿ ಹೂಳು, ಮಣ್ಣು ತೆಗೆದ ಗುಂಡಿಗಳು ಮಳೆ ಬಂದ ಮೇಲೆ ಮೇಲಿನಿಂದ ಕಾಣುವುದಿಲ್ಲ. ಒಂದು ಹೆಜ್ಜೆಗೆ ಆಳು ಮುಳುಗುವಷ್ಟು ಆಳ ಸಿಗುತ್ತದೆ. ಅದಕ್ಕೇ ಲೈಫ್ ಜಾಕೆಟ್ಟನ್ನು ದಡದಲ್ಲೇ ತೊಟ್ಟು ಪಟ್ಟಿ ಬಿಗಿದಿರಬೇಕು. ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಿದರೆ ಕಿವಿಯವರೆಗೆ ಬಂತು ಅಂದರೆ ಸಡಿಲವಾಗಿದೆ ಅಂತಲೇ ಅರ್ಥ.

ಬಿದಿರ ದಬ್ಬೆ ಹೆಣೆದು, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿದ ಆರೇಳು ಅಡಿ ಅಗಲದ ಹರಿಗೋಲಿಗೆ ಕಲಿಯುವವರು ಒಬ್ಬರು, ಕಲಿಸುವವರು ಒಬ್ಬರು ಸಾಕು. ಹತ್ತುವಾಗ ಅಂಚು ತುಳಿಯಬಾರದು. ಎರಡೂ ಕೈಯಲ್ಲಿ ಅಂಚು ಹಿಡಿದು, ಪಾದವನ್ನು ನಟ್ಟನಡುವೆ ಇಟ್ಟು, ಕೂಡಲೇ ಕೂತುಬಿಡಬೇಕು. ಮೊದಲು ಹುಟ್ಟು ಹಾಕುವವರು, ಆಮೇಲೆ ಇನ್ನೊಬ್ಬರು, ಎದುರುಬದುರಾಗಿ.

ಹುಟ್ಟು ಹಾಕುವುದರಲ್ಲೇ ಎಲ್ಲರೂ ಎಡವುತ್ತಾರೆ. ದೋಣಿಯ ಹಾಗೆ ಪಕ್ಕದಲ್ಲಿ ಹುಟ್ಟು ಹಾಕಿ ಹಿಂದಕ್ಕೆ ತಳ್ಳಿದರೆ ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತದೆ. ಅದಕ್ಕೆ ಮುಂದು ಹಿಂದು ಇಲ್ಲ, ನೀರು ಸೀಳುವ ಚೂಪೂ ಇಲ್ಲ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದಿನ ಅಂಚಿನ ಹತ್ತಿರ ಮಂಡಿಯೂರಿ, ಹುಟ್ಟನ್ನು ಅಂಚಿನಾಚೆ ನೆಟ್ಟಗೆ ಇಳಿಸಬೇಕು. ಇಂಗ್ಲಿಷ್ ಅಂಕಿ 8 ಮಲಗಿಸಿ ಬರೆದಂತೆ ನೀರೊಳಗೆ ಎಡಕ್ಕೆ ಬಲಕ್ಕೆ ಆಡಿಸುತ್ತಾ, ಪ್ರತಿ ತುದಿಯಲ್ಲೂ ಮಣಿಕಟ್ಟು ತಿರುಗಿಸಿ, ಅಲಗಿನ ಮುಖ ನೀರನ್ನು ತನ್ನ ಕಡೆಗೇ ಎಳೆಯುವಂತೆ ನೋಡಿಕೊಳ್ಳಬೇಕು. ಮಣಿಕಟ್ಟು ತಿರುಗದಿದ್ದರೆ ಒಂದು ಎಳೆತ ಮುಂದಕ್ಕೆ, ಮುಂದಿನದು ಹಿಂದಕ್ಕೆ. ಬೆವರು ಬಂದರೂ ದೂರ ಸಾಗುವುದಿಲ್ಲ. ದಡದ ಒಂದು ಮರ ಗುರುತಿಟ್ಟು, ಐವತ್ತು ಮೀಟರ್ ತಿರುಗದೆ ಹೋಗಿ, ಗಾಳಿಗೆ ಎದುರಾಗಿ ವಾಪಸು ಬರುವಷ್ಟು ಬರಲಿ. ಆಷಾಢದ ಗಾಳಿಯಲ್ಲಿ ಮಾತ್ರ ಹೊಸಬರನ್ನು ಇಳಿಸಬೇಡಿ. ಹಗುರ ಹರಿಗೋಲನ್ನು ಗಾಳಿ ಎಳೆದು ಜೊಂಡಿಗೋ ಅಂತರಗಂಗೆಯ ಹಾಸಿಗೋ ಸಿಕ್ಕಿಸುತ್ತದೆ, ಅಲ್ಲಿ ಹುಟ್ಟು ಆಡುವುದೇ ಇಲ್ಲ.

ಮಗುಚಿದರೆ ಏನು ಮಾಡಬೇಕು ಎಂಬುದನ್ನು ಎದೆಮಟ್ಟದ ನೀರಿನಲ್ಲಿ ಬೇಕಂತಲೇ ಮಾಡಿಸಿ. ಅಂಚು ಹಿಡಿದು ತೇಲಬೇಕು, ಹತ್ತಲು ಹೋಗಬಾರದು. ಒಂದೇ ಬದಿಯಿಂದ ಹತ್ತಿದರೆ ಹರಿಗೋಲು ಮತ್ತೆ ಮೈಮೇಲೆ ಬೀಳುತ್ತದೆ. ಇನ್ನೊಬ್ಬರು ಎದುರು ಅಂಚಿಗೆ ಜೋತುಬಿದ್ದರೆ ಮಾತ್ರ ಹತ್ತಲು ಸಾಧ್ಯ.

ಇನ್ನು ಗಾಳ. ರೀಲು ಪೆಟ್ಟಿಗೆಯಲ್ಲೇ ಇರಲಿ. ದಡಕ್ಕೆ ಹತ್ತು ಅಡಿಯ ಬಿದಿರ ಕೋಲು, ಹರಿಗೋಲಿಗೆ ಆರೇಳು ಅಡಿಯದು. 0.30 ಮಿ.ಮೀ. ನೈಲಾನ್ ದಾರ, ಉದ್ದ ಕೋಲಿಗಿಂತ ಒಂದಡಿ ಕಡಿಮೆ. ಜಿಲೇಬಿ (ತಿಲಾಪಿಯಾ) ಮೀನಿಗೆ 10ನೇ ನಂಬರ್ ಗಾಳ, ಕಾಟ್ಲಾ, ರೋಹು ಸೇರಿದ ಗೆಂಡೆ ಜಾತಿಗೆ 6. ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣದು. ದಾರವನ್ನು ಗಾಳದ ಕಣ್ಣಿಗೆ ತೂರಿಸಿ, ದಾರದ ಮೇಲೇ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಮೊದಲ ಕುಣಿಕೆಗೆ ಹಾಕಿ ಎಳೆಯಿರಿ. ಬಿಗಿಯುವ ಮೊದಲು ನೀರು ಹಚ್ಚಲೇಬೇಕು. ಒಣ ನೈಲಾನ್ ಉಜ್ಜಿದರೆ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ, ದೊಡ್ಡ ಮೀನು ಎಳೆದಾಗ ಗಂಟಿನಲ್ಲೇ ಕಿತ್ತುಹೋಗುತ್ತದೆ. ಗಾಳದಿಂದ ಒಂದು ಗೇಣು ಮೇಲೆ ಸೀಸದ ಗುಂಡು, ಅದಕ್ಕೂ ಮೇಲೆ, ಮೀನು ಕಚ್ಚಿದ್ದನ್ನು ತೋರಿಸುವ ತೇಲು ಬೆಂಡು.

ಬೆಂಡಿನ ಎತ್ತರ ಯಾವ ಮೀನು ಬೇಕು ಅನ್ನುವುದರ ಮೇಲೆ. ಕಾಟ್ಲಾ ಮೇಲು ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಜಿಲೇಬಿಗೆ ಎರೆಹುಳು ಸಾಕು. ಉಳಿದವಕ್ಕೆ ಒಂದು ಲೋಟ ರಾಗಿ ಹಿಟ್ಟು, ಅರ್ಧ ಲೋಟ ಕಡಲೆಕಾಯಿ ಹಿಂಡಿ ಪುಡಿ, ಎರಡು ಚಮಚ ಮೈದಾ. ಬಿಸಿನೀರು ಸ್ವಲ್ಪಸ್ವಲ್ಪವೇ ಹಾಕಿ ಗಟ್ಟಿಯಾಗಿ ನಾದಿ. ಒಂದು ಉಂಡೆಯನ್ನು ಚೊಂಬಿನ ನೀರಿಗೆ ಹಾಕಿ ನೋಡಿ. ಎರಡೇ ನಿಮಿಷಕ್ಕೆ ಕರಗಿದರೆ ಮೈದಾ ಸಾಲದು. ತೀರಾ ಗಟ್ಟಿಯಾದರೆ ಮೀನು ಬಾಯಿಗೆ ಹಾಕಿಕೊಂಡರೂ ಗಾಳದ ಮೊನೆ ಹೊರಬರುವುದಿಲ್ಲ. ಅವರೆಕಾಳಿನಷ್ಟು ದಪ್ಪ ಸಾಕು. ಮೀನು ಸೇರಿಸಲು ತೌಡು, ಹಿಂಡಿಯ ಎರಡು ನಿಂಬೆ ಗಾತ್ರದ ಉಂಡೆ ಎಸೆಯಿರಿ. ಹೆಚ್ಚು ಹಾಕಿದರೆ ಅದನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ.

ಬೆಂಡು ಅಲುಗಿದ ಕೂಡಲೇ ಜಗ್ಗುವುದು ಹೊಸಬರ ಕೈಗೆ ಅಂಟಿದ ಚಟ. ಬೆಂಡು ಪುಟಪುಟ ಅಲುಗಿದರೆ ಸಣ್ಣ ಮೀನು ಹಿಟ್ಟು ಕುಟುಕುತ್ತಿದೆ ಅಂತ, ಕೈ ಆಡಿಸಬೇಡಿ. ಮುಳುಗಿ ಪಕ್ಕಕ್ಕೆ ಸಾಗಿದರೆ ಮಣಿಕಟ್ಟಿನಿಂದಲೇ ಸಣ್ಣಗೆ ಎತ್ತಿ. ತಳದಲ್ಲಿ ಮೇಯುವ ಗೆಂಡೆ ಹಿಟ್ಟನ್ನೂ ಸೀಸವನ್ನೂ ಮೇಲಕ್ಕೆತ್ತಿಕೊಂಡಾಗ ಬೆಂಡು ಮುಳುಗುವ ಬದಲು ಮೇಲೆದ್ದು ನೀರ ಮೇಲೆ ಅಡ್ಡ ಮಲಗುತ್ತದೆ. ಅದೂ ಕಚ್ಚಿದ ಗುರುತೇ. ಹೊಸಬರು ದಾರ ಸಡಿಲಾಯಿತು ಅಂದುಕೊಂಡು ಸುಮ್ಮನಿರುತ್ತಾರೆ, ಹಿಟ್ಟು ಹೋಗಿರುತ್ತದೆ.

ಹರಿಗೋಲನ್ನು ಕೆರೆಯಲ್ಲಿ ನಿಲ್ಲಿಸಲು ಎರಡು ಕಲ್ಲು ಬೇಕು, ಎದುರುಬದುರು ಅಂಚಿಗೆ. ಒಂದೇ ಕಲ್ಲಾದರೆ ಅದರ ಸುತ್ತ ತಿರುಗಿ ದಾರ ತೊಡರುತ್ತದೆ. ಹಗ್ಗ ಆಳದ ಎರಡರಷ್ಟಾದರೂ ಇರಲಿ. ಮೀನು ಬಂದಾಗ ಒಬ್ಬರು ಮಾತ್ರ ಬಾಗಿ ಕೈಬಲೆ ಹಿಡಿಯಲಿ, ಇನ್ನೊಬ್ಬರು ಎದುರು ಬದಿಗೆ ಭಾರ ಕೊಟ್ಟು ಕೂರಲಿ. ಮೀಸೆಯಿರುವ ಕಪ್ಪು ಮೀನು ಬಂದರೆ ಬರಿಗೈ ಹಾಕಬೇಡಿ. ಚೇಳು ಮೀನಿನ ಪಕ್ಕದ ರೆಕ್ಕೆಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕೈಯಿಟ್ಟರೆ ನೋವು ಇಳಿಯುತ್ತದೆ. ಮುಳ್ಳು ಮುರಿದು ಒಳಗುಳಿದಿದ್ದರೆ, ಊತ ಏರಿದರೆ ತಡಮಾಡದೆ ಆಸ್ಪತ್ರೆಗೆ.

ಹೊರಡುವಾಗ ತುಂಡು ದಾರವನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಳ್ಳಿ, ನೀರುಕಾಗೆಯ ಕಾಲಿಗೆ ಸುತ್ತಿಕೊಂಡರೆ ಅದು ಸತ್ತಂತೆಯೇ. ಹರಿಗೋಲನ್ನು ದಡದ ಮೇಲೆ ಎಳೆಯದೆ ಇಬ್ಬರೂ ಎತ್ತಿ, ನೆರಳಲ್ಲಿ ಕವುಚಿ ಹಾಕಿ. ಎಳೆದರೆ ಕಲ್ಲು ತಾಗಿ ತಳದ ಡಾಂಬರು ಏಳುತ್ತದೆ, ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತದೆ. ಮುಂದಿನ ಸಲ ನೀರಿಗಿಳಿಸುವ ಮುನ್ನ ತಳವನ್ನು ಒಳಗಿನಿಂದ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡ ಕಡೆಯಲ್ಲೆಲ್ಲ ಡಾಂಬರು ಹಚ್ಚಿ, ಒಣಗಿದ ಮೇಲೆ ಇಳಿಸಿ.